ಗೊಬ್ಬರದ ಗುಂಡಿಯ ಗುಟ್ಟು

ನಮ್ಮ ಭಾವ ಜಯಪ್ಪನವರು ಮೋಸ ಹೋಗದೆ ಉಳಿದದ್ದು ಅವರ ಬುದ್ಧಿಯಿಂದಲ್ಲ, ನಮ್ಮೂರಿನ ನೆಟ್‌ವರ್ಕಿನಿಂದ. ಇದನ್ನು ಅವರ ಎದುರಿಗೆ ಹೇಳಿದರೆ ಅಕ್ಕನ ಮನೆಯಲ್ಲಿ ನನಗೆ ಕಾಫಿಯೂ ಹುಟ್ಟುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಸಂಜೆ ಅವರ ಮೊಬೈಲಿಗೆ ಮೆಸೇಜು ಬಂತು. ನಿಮ್ಮ ಕರೆಂಟು ಬಿಲ್ಲು ಬಾಕಿ ಇದೆ, ಇವತ್ತು ರಾತ್ರಿ ಲೈನು ಕಡಿಯುತ್ತೇವೆ, ತಕ್ಷಣ ಈ ನಂಬರಿಗೆ ಮಾತಾಡಿ ಎಂದು ಅದರಲ್ಲಿತ್ತು. ಮಾದಾಪುರದಿಂದ ಒಳಕ್ಕಿರುವ ನಮ್ಮೂರಲ್ಲಿ ಗಾಳಿ ಸ್ವಲ್ಪ ಜೋರಾಗಿ ಬೀಸಿದರೂ ಮರ ಬಿದ್ದು ಕರೆಂಟು ಹೋಗುತ್ತದೆ. ಹೋಗುವ ಮುಂಚೆ ಯಾರೋ ಪುಣ್ಯಾತ್ಮರು ತಿಳಿಸುತ್ತಿದ್ದಾರಲ್ಲ ಎಂದು ಭಾವನಿಗೆ ಹೃದಯ ತುಂಬಿ ಬಂತು. ಬಟ್ಟೆ ಒಗೆಯುವ ಕಲ್ಲು ಹತ್ತಿ ಫೋನು ಮಾಡಿದರು. ಅವರ ಮನೆಯಲ್ಲಿ ಸಿಗ್ನಲ್ಲು ಸಿಗುವುದು ಅಂಗಳದ ಮೂಲೆಯ ಆ ಕಲ್ಲಿನ ಮೇಲೆ ಮಾತ್ರ. ಅತ್ತ ಕಡೆಯವನು ಒಂದು ಆ್ಯಪು ಹಾಕಿಕೊಳ್ಳಿ, ಆಮೇಲೆ ಫೋನಿಗೆ ಬರುವ ನಂಬರು ಹೇಳಿ ಅಂದ. ಭಾವ ಹೂಂ ಸಾರ್, ಆಯ್ತು ಸಾರ್ ಎನ್ನುತ್ತ ಹಾಕತೊಡಗಿದರು. ಆ್ಯಪು ಮುಕ್ಕಾಲು ಪಾಲು ಇಳಿದ ಹೊತ್ತಿಗೆ ನೆಟ್‌ವರ್ಕು ಹೋಯಿತು. ಅದು ಮರಳಿ ಬರುವಷ್ಟರಲ್ಲಿ ನಮ್ಮಕ್ಕ ಶಿವಮ್ಮ ಬಿಲ್ಲು ಕಟ್ಟಿದ ಚೀಟಿಯನ್ನು ಸಾಸಿವೆ ಡಬ್ಬಿಯಿಂದ ತಂದು ಗಂಡನ ಮೂಗಿನ ಮುಂದೆ ಹಿಡಿದಿದ್ದಳು.

ಭಾವ ದಡ್ಡರೇನಲ್ಲ. ಕಾಫಿ ಗಿಡದ ಕಸಿ, ಮೆಣಸಿನ ಬಳ್ಳಿಯ ರೋಗ, ದನದ ಹೊಟ್ಟೆನೋವು, ಯಾವುದನ್ನು ಕೇಳಿದರೂ ಹೇಳುತ್ತಾರೆ. ಆದರೆ ಯಾರಾದರೂ ಗಟ್ಟಿ ದನಿಯಲ್ಲಿ ಒಂದು ಮಾತು ಹೇಳಿದರೆ ಸಾಕು, ಹೇಳಿದ್ದನ್ನು ಹೇಳಿದ ಹಾಗೇ ಮಾಡಿಬಿಡುತ್ತಾರೆ. ಅವರ ಮದುವೆ ನಡೆದದ್ದು ನಮ್ಮ ಮನೆಯ ಅಂಗಳದಲ್ಲಿ. ಫೋಟೋದವನು, ಮದುಮಗ ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ ಹಿಂದೆ ಅಂದ. ಹಿಂದೆ ಏನಿದೆ ಎಂದು ತಿರುಗಿ ನೋಡಿದರೆ ಫೋಟೋದವನಿಗೆ ಅವಮಾನವಾದೀತು ಎಂದುಕೊಂಡ ಭಾವ ಪೇಟ, ಬಾಸಿಂಗ, ಜರಿ ಪಂಚೆ ಸಮೇತ ನಮ್ಮ ಕೊಟ್ಟಿಗೆಯ ಗೊಬ್ಬರದ ಗುಂಡಿಗೆ ಇಳಿದರು. ಫೋಟೋ ಈಗಲೂ ಇದೆ. ಅದರಲ್ಲಿ ಅಕ್ಕ ಒಬ್ಬಳೇ ನಿಂತಿದ್ದಾಳೆ, ಪಕ್ಕದಲ್ಲಿ ಕೆಳಗಿನಿಂದ ಒಂದು ಕೈ ಕಾಣುತ್ತದೆ.

ಕರೆಂಟು ಬಿಲ್ಲಿನ ಪ್ರಸಂಗದ ಬೆನ್ನಿಗೇ ಪಂಚಾಯಿತಿಯಲ್ಲಿ ಸೈಬರ್ ವಂಚನೆಯ ಬಗ್ಗೆ ಒಂದು ಸಭೆ ನಡೆಯಿತು. ಮಡಿಕೇರಿಯಿಂದ ಬಂದ ಪೊಲೀಸ್ ಅಧಿಕಾರಿಯೊಬ್ಬರು ಮಾತಾಡಿದರು. ದುರದೃಷ್ಟಕ್ಕೆ ಅವರದು ಬಹಳ ಗಟ್ಟಿ ದನಿ. ಗೊತ್ತಿಲ್ಲದ ನಂಬರನ್ನು ನಂಬಬೇಡಿ, ಯಾರಾದರೂ ಅವಸರ ಮಾಡಿದರೆ ಅಲ್ಲೇ ಅನುಮಾನಪಡಿ ಎಂದರು. ಖಾಕಿ ಹಾಕಿಕೊಂಡು ವಿಡಿಯೋ ಕಾಲ್ ಮಾಡಿ ನಿಮ್ಮನ್ನೋ ನಿಮ್ಮವರನ್ನೋ ಹಿಡಿದಿದ್ದೇವೆ ಎನ್ನುವವರು ಶುದ್ಧ ಕಳ್ಳರು, ನಿಜವಾದ ಪೊಲೀಸರು ಫೋನಿನಲ್ಲಿ ಯಾರನ್ನೂ ಹಿಡಿಯುವುದಿಲ್ಲ ಎಂದರು. ಈಗ ಕಂಪ್ಯೂಟರಿನಲ್ಲಿ ನಿಮ್ಮ ಮಗನ ದನಿಯನ್ನೂ ಮಾಡಿಬಿಡುತ್ತಾರೆ, ಆದ್ದರಿಂದ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಳ್ಳಿ ಎಂದೂ ಸೇರಿಸಿದರು. ಎಲ್ಲವೂ ಒಳ್ಳೆಯ ಮಾತೇ. ಕೊನೆಗೆ, ಓಟಿಪಿ ಬಂದರೆ ಯಾರಿಗೆ ಹೇಳಬೇಕು ಎಂದು ಕೇಳಿದಾಗ ನಮ್ಮ ಭಾವ ಎದ್ದು ನಿಂತರು.

"ಹೆಂಡ್ತಿಗೂ ಹೇಳಬಾರ್ದು ಸಾರ್."

ಸಭೆ ಚಪ್ಪಾಳೆ ತಟ್ಟಿತು. ಅಧಿಕಾರಿ ನಗುತ್ತ ಭಾವನ ಎದೆಗೆ 'ಸೈಬರ್ ಜಾಗೃತಿ ಮಿತ್ರ' ಎಂಬ ಬ್ಯಾಡ್ಜು ಚುಚ್ಚಿದರು. ಅವತ್ತಿನಿಂದ ಆ ಬ್ಯಾಡ್ಜು ಅಂಗಿಯಿಂದ ಅಂಗಿಗೆ ಹೋಗುತ್ತಿತ್ತು. ಅಂಗಿ ಇಲ್ಲದಾಗ ಬನಿಯನ್ನಿಗೆ ಬರುತ್ತಿತ್ತು.

ಮೊದಲು ಪೆಟ್ಟು ತಿಂದವನು ಗ್ಯಾಸ್ ಸಿಲಿಂಡರಿನವನು. ಸಿಲಿಂಡರು ಇಳಿಸಬೇಕಾದರೆ ಫೋನಿಗೆ ಬಂದ ನಂಬರು ಹೇಳಬೇಕಲ್ಲ, ಅದನ್ನು ಕೇಳಿದ.

"ನನ್ನನ್ನೇ ಕೇಳ್ತೀಯಾ?" ಎಂದು ಭಾವ ಬ್ಯಾಡ್ಜು ಮುಟ್ಟಿಕೊಂಡರು.

"ಸಾರ್, ನಂಬರ್ ಹೇಳ್ದೆ ಕೊಡಂಗಿಲ್ಲ ಸಾರ್."

"ನಾನೂ ಹೇಳಂಗಿಲ್ಲ ಕಣಪ್ಪ."

ಸಿಲಿಂಡರು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. ಅಕ್ಕ ಒಂದು ವಾರ ಸೌದೆ ಒಲೆಯಲ್ಲಿ ಕೆಮ್ಮುತ್ತ ಅಕ್ಕಿ ರೊಟ್ಟಿ ಸುಟ್ಟಳು, ಗಂಡನಿಗೆ ಬೇಕೆಂದೇ ಸೀದದ್ದನ್ನು ಬಡಿಸಿದಳು.

ಆಮೇಲೆ ಗುಟ್ಟಿನ ಪ್ರಶ್ನೆ ಬಂತು. ಮನೆಯವರಿಗೆ ಮಾತ್ರ ಗೊತ್ತಿರುವಂಥದು ಏನಿದೆ ಎಂದು ಭಾವ ಬಹಳ ಯೋಚಿಸಿ, ಸ್ವಂತ ಮಾನದ ಹಂಗು ತೊರೆದು ಒಂದನ್ನು ಗೊತ್ತುಮಾಡಿದರು. ಜಯಪ್ಪ ಮದುವೆ ದಿನ ಎಲ್ಲಿ ಬಿದ್ದ? ಯಾರೇ ಫೋನು ಮಾಡಲಿ, ಮೊದಲು ಇದಕ್ಕೆ ಉತ್ತರ ಹೇಳಬೇಕು, ಆಮೇಲೆ ಮಾತು. ಒಗೆಯುವ ಕಲ್ಲಿನ ಮೇಲೆ ನಿಂತು ಅವರು ಕೇಳುವುದು, ಅತ್ತ ಕಡೆಯವರು ಹೇಳಿದ್ದು ಸರಿಯಾಗಿ ಕೇಳಿಸದೆ "ಎಲ್ಲಿಗೆ? ಗಟ್ಟಿಯಾಗ್ ಹೇಳಿ, ಗೊಬ್ಬರದ ಗುಂಡಿಗಾ?" ಎಂದು ಇವರೇ ಕೂಗುವುದು. ಹದಿನೈದು ದಿನದಲ್ಲಿ ಹಾಲಿನ ಡೈರಿಯವರೆಗೂ ಗುಟ್ಟು ತಲುಪಿತು.

"ಊರಿಗೆಲ್ಲ ಗೊತ್ತಿರೋದು ಅದ್ಹೆಂಗ್ರೀ ಗುಟ್ಟಾಯ್ತದೆ?" ಎಂದು ಅಕ್ಕ ಕೇಳಿದಳು.

"ಊರಿಗ್ ಗೊತ್ತಿರ್ಲಿ ಬಿಡು. ಊರೋರು ಕಳ್ಳರಾ? ಕಳ್ಳ ಇರೋದು ಹೊರಗೆ."

ತಮ್ಮ ಊರಿನ ಒಬ್ಬನೇ ಒಬ್ಬನ ಮೇಲೂ ಅನುಮಾನವಿಲ್ಲದ ಮನುಷ್ಯ, ಸೈಬರ್ ಮಿತ್ರನಾದ ಮೇಲೂ, ನಮ್ಮ ಭಾವ. ಅದಕ್ಕೇ ನನಗೆ ಅವರೆಂದರೆ ಪ್ರೀತಿ.

ಹೆಚ್ಚು ಕಷ್ಟಪಟ್ಟವಳು ಮಗಳು ಶರ್ಮಿಳಾ. ಅವಳು ಕುಶಾಲನಗರದ ಒಂದು ಆಸ್ಪತ್ರೆಯಲ್ಲಿ ನರ್ಸು. ವಾರ್ಡಿನಿಂದ ಅಪ್ಪನಿಗೆ ಫೋನು ಮಾಡಿದಾಗಲೆಲ್ಲ ಮೊದಲು ಬಾಯಿಗೆ ಕೈ ಅಡ್ಡ ಹಿಡಿದು "ಗೊಬ್ಬರದ ಗುಂಡಿ" ಎನ್ನಬೇಕು. ಅದನ್ನು ಕೇಳಿದ ರೋಗಿಯೊಬ್ಬರು ತಮ್ಮ ರಕ್ತದ ರಿಪೋರ್ಟು ಬಂದಿರಬೇಕೆಂದು ಹೆದರಿ ಅತ್ತರಂತೆ.

ಇಂಥ ಶರ್ಮಿಳಾಗೆ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗ ಕೊಡ್ಲಿಪೇಟೆ ಕಡೆಯ ಧರ್ಮಪ್ಪನವರ ಮಗ ಕೀರ್ತಿಕುಮಾರ್, ಹೈಸ್ಕೂಲು ಮೇಷ್ಟರು. ಸೋಮವಾರಪೇಟೆಯ ಒಂದು ಮದುವೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರು. ಮೊದಲು ಬಂದ ಎರಡು ಸಂಬಂಧಗಳಿಗೆ ಮುಖ ಸಿಂಡರಿಸಿದ್ದ ಹುಡುಗಿ, ಈ ಹೆಸರು ಎತ್ತಿದರೆ ಮಾತಾಡದೆ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು. ಅದರ ಅರ್ಥ ನಮಗೆಲ್ಲ ಆಗಿತ್ತು.

ತೊಡಕು ಒಂದೇ, ಹುಡುಗನ ಅಜ್ಜಿ ಚಲುವಮ್ಮ. ಆ ಮನೆಯಲ್ಲಿ ಅವರ ಮಾತೇ ಕೊನೆ. ಹೆಣ್ಣು ಕೇಳಲು ಹೊರಟ ಗಾಡಿ ಹೆಣ್ಣಿನ ಮನೆ ಮುಟ್ಟದೆ ಹಿಂದಿರುಗಿದರೆ ಆ ಸಂಬಂಧದ ಹೆಸರನ್ನೇ ಎತ್ತಬಾರದು ಎಂಬುದು ಅವರ ಕಟ್ಟಳೆ. ಹಿಂದೆ ಒಮ್ಮೆ ದಾರಿಯಲ್ಲಿ ಟೈರು ಪಂಕ್ಚರಾಗಿ ಹಿಂದಿರುಗಿದ್ದಕ್ಕೆ ಒಳ್ಳೆಯ ಮನೆತನವೊಂದನ್ನು ಕೈಬಿಟ್ಟಿದ್ದರಂತೆ. ಆ ಭಾನುವಾರ ಮಧ್ಯಾಹ್ನ ಅವರೆಲ್ಲ ನಮ್ಮಲ್ಲಿಗೆ ಹೊರಟಿದ್ದರು.

ಬರುವ ಹೊತ್ತು ಮೀರುತ್ತಿತ್ತು. ನಾನು ಪಕ್ಕದ ಮನೆಯಿಂದ ಕುರ್ಚಿ ಹೊತ್ತು ತಂದು ಜಗಲಿಯಲ್ಲಿ ಹಾಕುತ್ತಿದ್ದೆ. ಭಾವ ಹೊಸ ಅಂಗಿ ತೊಟ್ಟು, ಬ್ಯಾಡ್ಜು ಚುಚ್ಚಿಕೊಂಡು, ಬೀಗರ ಫೋನಿಗಾಗಿ ಕಲ್ಲಿನ ಮೇಲೆ ಕಾಯುತ್ತಿದ್ದರು. ಫೋನು ಬಂತು. ಗೊತ್ತಿಲ್ಲದ ನಂಬರು, ಅದೂ ವಿಡಿಯೋ ಕಾಲ್. ಚಿತ್ರ ತುಂಡು ತುಂಡಾಗಿ ಬರುತ್ತಿತ್ತು. ಒಂದು ಖಾಕಿ ಭುಜ ಕಂಡಿತು, ಆಮೇಲೆ ಒಂದು ಮೀಸೆ.

"ಸಾರ್, ನಮಸ್ಕಾರ. ನಿಮ್ ಮನೆಗ್ ಬರೋರ ಕಾರ್‌ನ ಇಲ್ಲಿ ಹಿಡ್ದು ನಿಲ್ಸಿದೀವಿ. ಮುಂದಕ್ ಬಿಡೋಕಾಗಲ್ಲ."

ಭಾವ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಭಯವಿರಲಿಲ್ಲ, ಪರೀಕ್ಷೆಯಲ್ಲಿ ಓದಿದ ಪ್ರಶ್ನೆಯೇ ಬಂದ ಹುಡುಗನ ಸಂತೋಷವಿತ್ತು.

"ಯಾಕಪ್ಪಾ ಬಿಡೋಕಾಗಲ್ಲ?"

"ರಸ್ತೇಲಿ ಆನೆ ಐತೆ ಸಾರ್, ಮರಿ ಬೇರೆ ಐತೆ. ಹಲಸಿನ ಹಣ್ಣಿಗ್ ಬಂದವೆ, ಕದಲ್ತಾ ಇಲ್ಲ. ನಾನು ಫಾರೆಸ್ಟ್ ವಾಚರ್ ಜವರ. ಉತ್ತಯ್ಯನೋರ ಎಸ್ಟೇಟ್ ಒಳಗಿಂದ ದಾರಿ ಐತಲ್ಲ, ಅವ್ರಿಗ್ ಹೇಳಿ ಗೇಟ್ ತೆಗೆಸಿ ಸಾರ್, ಸ್ವಲ್ಪ ಬೇಗ."

'ಬೇಗ' ಎಂಬ ಮಾತು ಕೇಳಿದ್ದೇ ಭಾವ ನನಗೆ ಕಣ್ಣು ಹೊಡೆದರು. "ಖಾಕಿ, ವಿಡಿಯೋ, ಹಿಡ್ದಿದೀವಿ, ಬೇಗ. ಸಾಹೇಬ್ರು ಹೇಳಿದ್ದು ಒಂದಕ್ಷರ ತಪ್ಪಿಲ್ಲ ಕಣೋ" ಎಂದು ಪಿಸುಗುಟ್ಟಿದರು.

"ಭಾವ, ನಿಜವಾಗ್ಲೂ ಫಾರೆಸ್ಟ್‌ನೋರು ಇರ್ಬೋದು."

"ಹಂಗೇ ಅನ್ಸೋ ಥರ ಮಾಡ್ತಾರೆ. ಅದೇ ಅವ್ರ ಕಸುಬು."

ಫೋನಿನಲ್ಲಿ ಮೀಸೆ ಹೋಗಿ ಕನ್ನಡಕವೊಂದು ಬಂತು. "ಜಯಪ್ಪನೋರೇ, ನಾನು ಧರ್ಮಪ್ಪ. ನಮ್ ಫೋನ್‌ಗೆ ಇಲ್ಲಿ ಸಿಗ್ನಲ್ ಇಲ್ಲ. ನಮ್ಮವ್ವ ಹಿಂದಕ್ ತಿರುಗ್ಸು ಅಂತ ಕೂತವ್ರೆ. ದಯವಿಟ್ಟು ಗೇಟ್ ತೆಗೆಸಿ."

"ದನಿ ಚೆನ್ನಾಗ್ ಮಾಡಿದೀರಿ," ಎಂದರು ಭಾವ ಮೆಚ್ಚುಗೆಯಿಂದ. "ಈಗ ಒಂದ್ ಪ್ರಶ್ನೆ. ಜಯಪ್ಪ ಮದುವೆ ದಿನ ಎಲ್ಲಿ ಬಿದ್ದ?"

"ಎಲ್ಲಿ ಬಿದ್ರೀ?" ಎಂದು ಧರ್ಮಪ್ಪನವರು ನಿಜವಾದ ಕಾಳಜಿಯಿಂದ ಕೇಳಿದರು.

"ಗೊತ್ತಿಲ್ಲ ಅಲ್ವಾ?"

ಅಷ್ಟರಲ್ಲಿ ಆ ಕಡೆಯಿಂದ ಆನೆ ಘೀಳಿಟ್ಟ ಸದ್ದು ಬಂತು. ಜಗಲಿಯ ಕುರ್ಚಿಯವರೆಗೂ ಕೇಳಿಸಿತು. "ರೆಕಾರ್ಡಿಂಗು" ಎಂದು ಭಾವ ಫೋನು ಕತ್ತರಿಸಿ ಆ ನಂಬರನ್ನು ಬ್ಲಾಕ್ ಮಾಡಿದರು.

ಇಷ್ಟಕ್ಕೆ ನಿಲ್ಲಿಸಿದ್ದರೆ ಅವರು ನಮ್ಮ ಭಾವನೇ ಅಲ್ಲ. ಕೂಡಲೇ ಉತ್ತಯ್ಯನವರಿಗೆ ಫೋನು ಮಾಡಿದರು. ಉತ್ತಯ್ಯನವರು ನಮ್ಮ ಪಕ್ಕದ ಎಸ್ಟೇಟಿನ ಕೊಡವರು, ಮೆಣಸಿನ ರೇಟು ಏರಿದಂದಿನಿಂದ ಕಳ್ಳರ ಚಿಂತೆಯಲ್ಲೇ ಊಟ ಮಾಡುವವರು. ಯಾರೋ ಕಾರಿನಲ್ಲಿ ಬಂದು ನನ್ನ ಹೆಸರು ಹೇಳಿ ಗೇಟು ತೆಗೆಯಿರಿ ಅನ್ನುತ್ತಾರೆ, ಪ್ರಶ್ನೆಗೆ ಉತ್ತರ ಹೇಳದಿದ್ದರೆ ನಮ್ಮಪ್ಪ ಬಂದರೂ ಬಿಡಬೇಡಿ ಎಂದು ಭಾವ ಅವರಿಗೆ ತಾಕೀತು ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನೂ ಸ್ಕೂಟರ್ ತಗೊಂಡ್ ಹೋಗು. ಉತ್ತಯ್ಯನೋರು ಒಬ್ರೇ ಅವ್ರೆ."

"ಬೀಗರು ಬರೋ ಹೊತ್ತಲ್ವಾ ಭಾವ?"

"ಅದಕ್ಕೇ ಹೇಳಿದ್ದು. ಬೀಗರು ಬರೋ ದಾರೀಲಿ ಕಳ್ಳರು ಇರ್ಬಾರ್ದು."

ಎಸ್ಟೇಟಿನ ಒಳದಾರಿಯಿಂದ ನಾನು ಹೋಗುವ ಹೊತ್ತಿಗೆ ಉತ್ತಯ್ಯನವರು ಗೇಟಿಗೆ ಎರಡನೇ ಬೀಗ ಜಡಿದು, ಕೋವಿಯನ್ನು ತೋಳಿನ ಮೇಲೆ ಮಲಗಿಸಿಕೊಂಡು ಒಳಗೆ ನಿಂತಿದ್ದರು. ಹೊರಗೆ ಒಂದು ಬಿಳಿ ಕಾರು. ಅದರ ಪಕ್ಕದಲ್ಲಿ ಖಾಕಿ ತೊಟ್ಟ ಜವರ, ಬೆವರು ಒರೆಸಿಕೊಳ್ಳುತ್ತಿದ್ದ ಧರ್ಮಪ್ಪನವರು, ಪೆಚ್ಚುಮೋರೆಯ ಒಬ್ಬ ಹುಡುಗ. ಕಾರಿನೊಳಗೆ ತೊಡೆಯ ಮೇಲೆ ಹಣ್ಣು, ಹೂವು, ಸೀರೆ ಇಟ್ಟ ತಟ್ಟೆ ಹಿಡಿದು ಒಬ್ಬ ಅಜ್ಜಿ ಕೂತಿದ್ದರು. ಹಿಂದೆ, ನಮ್ಮೂರ ಕಡೆ ಹೋಗುವ ರಸ್ತೆಯ ತಿರುವಿನಲ್ಲಿ ಕೊಂಬೆ ಮುರಿಯುವ ಸದ್ದು ಕೇಳುತ್ತಿತ್ತು. ಹಿಂದೆ ಆನೆ, ಮುಂದೆ ಕೋವಿ. ಹೆಣ್ಣು ಕೇಳಲು ಹೊರಟವರಿಗೆ ಇಂಥ ಸ್ವಾಗತ ಕೊಡಗಿನಲ್ಲೂ ಹಿಂದೆ ಆಗಿರಲಿಕ್ಕಿಲ್ಲ.

"ಧರ್ಮ, ಗಾಡಿ ತಿರುಗ್ಸು ಅಂದೆ," ಎಂದರು ಅಜ್ಜಿ.

ಹುಡುಗನ ಮುಖವನ್ನು ನಾನು ಫೋಟೋದಲ್ಲಿ ನೋಡಿದ್ದೆ. ಸ್ಕೂಟರ್ ಬಿಟ್ಟು ಗೇಟಿನತ್ತ ಓಡಿದೆ. "ಉತ್ತಯ್ಯಣ್ಣ, ಇವ್ರು ನಮ್ ಬೀಗರಾಗೋರು. ಬಾಗಿಲು ತೆಗೀರಿ."

"ಎಂತ ಮಾರಾಯ, ಜಯಪ್ಪ ಹೇಳಿದ್ದು ಉಂಟು, ಯಾರನ್ನೂ ನಂಬಬಾರದು ಅಂತ. ನೀನು ಮೊದಲು ಉತ್ತರ ಹೇಳು."

"ಗೊಬ್ಬರದ ಗುಂಡಿ."

"ಆಯ್ತು, ನೀನು ನೀನೇ. ಇನ್ನು ಇವರದ್ದು?"

ಇವರದಕ್ಕೆ ಭಾವನೇ ಒಪ್ಪಬೇಕಿತ್ತು. ಉತ್ತಯ್ಯನವರು ತಮ್ಮ ಫೋನಿನಿಂದ ಭಾವನಿಗೆ ಮಾಡಿ ಸ್ಪೀಕರ್ ಹಾಕಿದರು. ಅತ್ತ ಕಡೆಯಿಂದ ಬಂದ ಮೊದಲ ಮಾತು, "ಜಯಪ್ಪ ಮದುವೆ ದಿನ ಎಲ್ಲಿ ಬಿದ್ದ?"

"ಗೊಬ್ಬರದ ಗುಂಡಿಗೆ ಮಾರಾಯ," ಎಂದು ಉತ್ತಯ್ಯನವರು ಕಾಡೆಲ್ಲ ಕೇಳುವ ಹಾಗೆ ಕೂಗಿದರು. ತಿರುವಿನಲ್ಲಿ ಕೊಂಬೆ ಮುರಿಯುವ ಸದ್ದು ಒಂದು ಗಳಿಗೆ ನಿಂತಿತು.

ಕಾರಿನ ಕಿಟಕಿ ಇಳಿಯಿತು. "ಏನದು ಗುಂಡಿ?" ಎಂದು ಅಜ್ಜಿ ಕೇಳಿದರು. ಉತ್ತಯ್ಯನವರು ಕೋವಿಯನ್ನು ಗೇಟಿಗೆ ಒರಗಿಸಿ ಫೋಟೋದವನಿಂದ ಹಿಡಿದು ಕೆಳಗಿನಿಂದ ಕಾಣುವ ಕೈಯವರೆಗೆ ಪೂರ್ತಿ ಕಥೆ ಹೇಳಿದರು. ಅಜ್ಜಿ ನಗಲಿಲ್ಲ. ತಟ್ಟೆಯ ಮೇಲಿನ ಹೂವನ್ನು ಸರಿಮಾಡಿದರು, ಅಷ್ಟೆ.

ನಾನು ಫೋನಿಗೆ ಬಾಯಿ ಇಟ್ಟು, ಭಾವ, ಇವರು ನಿಜವಾದ ಧರ್ಮಪ್ಪನವರೇ, ಆನೆಯೂ ನಿಜವಾದದ್ದೇ ಎಂದೆ. ಭಾವ ನನಗೂ ಪ್ರಶ್ನೆ ಹಾಕಿ ಉತ್ತರ ಪಡೆದರು. ಆದರೂ ಅನುಮಾನ ಹೋಗಲಿಲ್ಲ. "ಕುತ್ತಿಗೆಗೆ ಕತ್ತಿ ಇಟ್ಟು ಹೇಳಿಸ್ತಿದ್ರೆ ಕೆಮ್ಮು" ಎಂದರು. ಗಂಟಲಿಗೆ ಹೋದ ಧೂಳಿಗೆ ನಾನು ಕೆಮ್ಮಿಬಿಟ್ಟೆ. ಅಲ್ಲಿಂದ ಭಾವ "ಅಯ್ಯೋ ಶಿವನೇ" ಎಂದದ್ದು ಕೇಳಿಸಿತು.

ಆಗ ಫೋನಿನಲ್ಲಿ ಬಳೆಯ ಸದ್ದಾಯಿತು. "ಕೊಡಪ್ಪ ಇಲ್ಲಿ," ಎಂದಳು ಶರ್ಮಿಳಾ. ಹೊಸ ಸೀರೆ ಎತ್ತಿ ಹಿಡಿದು ಒಗೆಯುವ ಕಲ್ಲು ಹತ್ತಿದ್ದಳಂತೆ. "ಮಾವ, ಅವ್ರ ಕೈಗೆ ಫೋನ್ ಕೊಡಿ. ಪ್ರಶ್ನೆ ನಾನ್ ಕೇಳ್ತೀನಿ."

ನಾನು ಗೇಟಿನ ಸಂದಿಯಿಂದ ಕೀರ್ತಿಕುಮಾರನಿಗೆ ಫೋನು ಕೊಟ್ಟೆ. ಸ್ಪೀಕರ್ ಆರಿಸಲು ಯಾರಿಗೂ ನೆನಪಾಗಲಿಲ್ಲ.

"ಸೋಮವಾರಪೇಟೆ ಮದುವೇಲಿ ನೀವು ಬಡಿಸ್ತಾ ಬಂದ್ರಲ್ಲ, ನನ್ನ ಎಲೆಗೆ ಎರಡೆರಡು ಸಲ ಏನ್ ಬಡಿಸಿದ್ರಿ?"

ಹುಡುಗ ಕೆಂಪಗಾದ. "ಉಪ್ಪು," ಎಂದ. ಸ್ವಲ್ಪ ತಡೆದು, "ಮೂರು ಸಲ. ಮೂರನೇ ಸಲ ನೀವು ನೋಡ್ಲಿಲ್ಲ," ಎಂದು ಸೇರಿಸಿದ.

ಅತ್ತ ಕಡೆಯಿಂದ "ಅಪ್ಪ, ಇವ್ರೇ. ಬಾಗಿಲು ತೆಗೆಸು," ಎಂಬ ಸಣ್ಣ ದನಿ ಬಂತು. ಉತ್ತಯ್ಯನವರು ಎರಡೂ ಬೀಗ ತೆಗೆದು, ಕಾರಿನ ಮುಂದೆ ತಾವೇ ಜೀಪು ಬಿಟ್ಟುಕೊಂಡು ದಾರಿ ತೋರಿಸಿದರು.

ಅಕ್ಕನ ಮನೆಯ ಅಂಗಳದಲ್ಲಿ ಭಾವ ಕೈಮುಗಿದು ನಿಂತಿದ್ದರು. ಅವರ ಎದೆಯಲ್ಲಿ ಬ್ಯಾಡ್ಜು ಇರಲಿಲ್ಲ, ಅದಿದ್ದ ಜಾಗದಲ್ಲಿ ಎರಡು ತೂತು ಮಾತ್ರ ಇತ್ತು. ಕಣ್ಣು ಕೆಂಪಾಗಿತ್ತು. ಕಾರಿನಿಂದ ಇಳಿದ ಎಲ್ಲರಿಗೂ, ಆನೆ ಹೋಗಿದೆ ಎಂದು ಹೇಳಲು ಹಿಂದೆಯೇ ಬಂದಿದ್ದ ಜವರನಿಗೂ, ತಪ್ಪಾಯ್ತು ತಪ್ಪಾಯ್ತು ಎಂದರು. ಜವರ "ಬ್ಲಾಕ್ ತೆಗೀರಿ ಸಾರ್, ಸಾಕು. ನಾಳೆ ನಿಮ್ ತೋಟಕ್ಕೇ ಬಂದ್ರೆ ಹೇಳ್ಬೇಕಲ್ಲ" ಎಂದ. ಚಲುವಮ್ಮ ಮಾತ್ರ ನೇರವಾಗಿ ಜಗಲಿ ಹತ್ತಿ ಕೂತರು. ತಂದ ತಟ್ಟೆಯನ್ನು ತೊಡೆಯಿಂದ ಇಳಿಸಲಿಲ್ಲ.

ಇಳಿಸದ ತಟ್ಟೆಯನ್ನು ನೋಡುತ್ತ ಅಕ್ಕ ಕಾಫಿ ಕೊಟ್ಟಳು, ಕಡುಬು ಕೊಟ್ಟಳು. ಶರ್ಮಿಳಾ ಬಂದು ನಮಸ್ಕರಿಸಿ ಒಳಗೆ ಹೋದಳು. ಮಳೆ, ಕಾಫಿ ರೇಟು, ಹುಡುಗನ ಸ್ಕೂಲು, ಎಲ್ಲ ಮಾತೂ ಮುಗಿದವು. ಕೇಳಬೇಕಾದ ಮಾತನ್ನು ಅಜ್ಜಿ ಕೇಳುತ್ತಲೂ ಇಲ್ಲ, ಏಳುತ್ತಲೂ ಇಲ್ಲ.

ಅಷ್ಟರಲ್ಲಿ ಕಲ್ಲಿನ ಮೇಲೆ ಬಿಟ್ಟಿದ್ದ ಭಾವನ ಫೋನು ಕೂಗಿತು. ಗೊತ್ತಿಲ್ಲದ ನಂಬರು. ಇನ್ನು ಜನ್ಮದಲ್ಲಿ ಯಾರ ಮೇಲೂ ಅನುಮಾನಪಡುವುದಿಲ್ಲ ಎಂದು ಆಗಷ್ಟೇ ಮನಸ್ಸಿನಲ್ಲಿ ಆಣೆ ಮಾಡಿದ್ದ ಭಾವ ಓಡಿಹೋಗಿ ಕಲ್ಲು ಹತ್ತಿದರು. ಎಲ್ಲರಿಗೂ ಕೇಳಲಿ, ತಮ್ಮ ವಿನಯ ಬೀಗರಿಗೂ ತಿಳಿಯಲಿ ಎಂದು ಸ್ಪೀಕರ್ ಹಾಕಿದರು.

"ನಮಸ್ಕಾರ ಸಾರ್, ಹೇಳಿ. ಎಲ್ಲಿದೀರಿ? ಆನೆ ಏನೂ ಇಲ್ಲ ತಾನೆ?"

ಅತ್ತ ಕಡೆಯವನು ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಗಟ್ಟಿ ದನಿಯಲ್ಲಿ, ತಾನು ಬ್ಯಾಂಕಿನವನು, ನಿಮ್ಮ ಎಟಿಎಂ ಕಾರ್ಡು ಇನ್ನೊಂದು ಗಳಿಗೆಯಲ್ಲಿ ಬಂದ್ ಆಗುತ್ತದೆ, ಈಗ ಫೋನಿಗೆ ಒಂದು ನಂಬರು ಬಂದಿದೆ, ಬೇಗ ಹೇಳಿ ಅಂದ.

"ಬಂದಿದೆ ಸಾರ್, ಬಂದಿದೆ. ಅವಸರ ಇದ್ರೆ ಈಗ್ಲೇ ಹೇಳ್ತೀನಿ. ನಿಮ್ಮನ್ನ ಕಾಯ್ಸಿ ಪಾಪ ಯಾಕೆ ಕಟ್ಕೊಳ್ಲಿ. ಮೊದಲ್ನೇದು ನಾಲ್ಕು..."

"ರೀ," ಎಂದು ಅಕ್ಕ ಕಿರುಚುವ ಮುಂಚೆ ಚಲುವಮ್ಮ ಎದ್ದಿದ್ದರು. ತಟ್ಟೆಯನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಅಂಗಳ ದಾಟಿ, ಕಲ್ಲಿನ ಬುಡದಲ್ಲಿ ನಿಂತು ಕೈ ಚಾಚಿದರು. ಗಟ್ಟಿ ದನಿಗೆ ಬಗ್ಗುವ ನಮ್ಮ ಭಾವ, ದನಿಯೇ ಇಲ್ಲದ ಆ ಕೈಗೂ ಬಗ್ಗಿ ಫೋನು ಕೊಟ್ಟರು.

"ನೋಡಪ್ಪ, ನಂಬರ್ ಹೇಳ್ತೀವಿ," ಎಂದರು ಅಜ್ಜಿ ಫೋನಿಗೆ. "ಅದಕ್ ಮುಂಚೆ ನೀನೊಂದು ಹೇಳು. ನಮ್ ಬೀಗರು ಮದುವೆ ದಿನ ಎಲ್ಲಿ ಬಿದ್ರು?"

ಅವನು ಏನೋ ತೊದಲಿದ. ಅಜ್ಜಿ ಮತ್ತೆ ಕೇಳಿದರು. ಫೋನು ಕಟ್ಟಾಯಿತು.

"ಪ್ರಶ್ನೆ ಒಳ್ಳೇದೇ ಜಯಪ್ಪ," ಎಂದು ಅಜ್ಜಿ ಫೋನು ಹಿಂದಿರುಗಿಸಿದರು. "ಕೇಳ್ಬೇಕಾದೋರನ್ನ ಕೇಳ್ಬೇಕು, ಅಷ್ಟೆ. ಬ್ಯಾಡ್ಜ್ ಎಲ್ಲಿಟ್ಟಿದೀಯೋ ತಂದ್ ಹಾಕ್ಕೋ."

ಭಾವ ಕಲ್ಲಿನ ಮೇಲೆಯೇ ಕುಕ್ಕರಿಸಿ ತಾವು ಹೇಳಿದ ನಾಲ್ಕನ್ನು ವಾಪಸ್ಸು ಪಡೆಯುವುದು ಹೇಗೆ ಎಂದು ನನ್ನನ್ನು ಕೇಳುತ್ತಿದ್ದರು. ಅಜ್ಜಿ 'ನಮ್ಮ ಬೀಗರು' ಎಂದದ್ದು ಅವರ ಕಿವಿಗೆ ಬಿದ್ದೇ ಇರಲಿಲ್ಲ. ಅದು ಅಕ್ಕನಿಗೆ ಕೇಳಿಸಿತ್ತು. ಅಜ್ಜಿ ಜಗಲಿಗೆ ಮರಳಿ ತಟ್ಟೆ ಎತ್ತಿ ನೀಡಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ತಟ್ಟೆ ತೆಗೆದುಕೊಳ್ಳಲು ಎರಡೂ ಕೈ ಮುಂದೆ ಮಾಡಿದಳು. ಒಳಗೆ ಅಡುಗೆಮನೆಯಲ್ಲಿ ತೊಳೆದಿಟ್ಟ ಲೋಟಗಳನ್ನು ಯಾರೋ ಮತ್ತೆ ತೊಳೆಯತೊಡಗಿದ್ದರು.